ಗಿಡುಗ ಹಿಡಿದ ಟೈಲರಮ್ಮ

“ಗಿಡುಗ ಯಾವುದು, ಪಾರಿವಾಳ ಯಾವುದು ಅಂತ ನನಗೆ ಗೊತ್ತಾಗಲ್ವಾ? ನಿಮ್ಮ ಕಡೆ ನೆಂಟರು ಬೀದಿ ತಿರುವಿಗೆ ಬರೋವಾಗಲೇ ಗುರುತು ಹಿಡಿದು ಬಿಸ್ಕತ್ತಿನ ಡಬ್ಬ ಒಳಗಿಡೋಳು ನಾನು. ಒಂದು ಹಕ್ಕಿ ಯಾವ ಲೆಕ್ಕ?”

ಟೈಲರಮ್ಮ ಇಷ್ಟು ಹೇಳಿ ಹಲ್ಲಿನಿಂದ ದಾರ ಕಚ್ಚಿ ತುಂಡು ಮಾಡಿದಳು. ಬ್ಯಾಗು ಹೆಗಲಿಗೇರಿಸಿ ನಿಂತಿದ್ದ ಗಂಡ ಅದನ್ನು ಮತ್ತೆ ಕೆಳಗಿಟ್ಟ. ಅವನದು ಗಡಿಯಾರ ರಿಪೇರಿ ಅಂಗಡಿ. ಊರಿನವರ ಗಡಿಯಾರಗಳೆಲ್ಲ ಅವನ ಕೈಯಲ್ಲಿ ಸರಿಹೋಗುತ್ತಿದ್ದವು. ಹೆಂಡತಿಯ ಬಾಯಿ ಮಾತ್ರ ಇನ್ನೂ ಕೈಗೆ ಸಿಕ್ಕಿರಲಿಲ್ಲ. ಅವನ ತಂಗಿ ಮೆಟ್ಟಿಲ ಮೇಲೆ ಜಾರಿ ಕಾಲು ಉಳುಕಿಸಿಕೊಂಡಿದ್ದಳು. ನೋಡಿಕೊಂಡು ಬರಲು ಹೊರಟಿದ್ದ. ತಂಗಿಯ ಕಾಲಿಗಿಂತ ಅವನಿಗೆ ಚಿಂತೆ ಟೆರೇಸಿನ ಮೇಲಿನ ಪಾರಿವಾಳಗಳದು, ಅದರಲ್ಲೂ ಚುಕ್ಕಿಯದು. ಬಿಳಿ ಮೈಮೇಲೆ ಬೂದು ಚುಕ್ಕಿಗಳಿದ್ದ ಆ ಹೆಣ್ಣು ಇವತ್ತೋ ನಾಳೆಯೋ ಮೊಟ್ಟೆ ಇಡುವುದರಲ್ಲಿತ್ತು. ಒಂದು ಗಿಡುಗ ಬೇರೆ ಕೆಲವು ದಿನಗಳಿಂದ ಆ ಬೀದಿಯ ಮೇಲೆ ಕಣ್ಣಿಟ್ಟಿತ್ತು.

“ಮೊಟ್ಟೆ ಇಡೋಳನ್ನ ಬಿಟ್ಟು ಹೋಗ್ತಿದ್ದೀನಿ ಕಣೇ,” ಎಂದ.

“ನಾನು ಹೆರೋವಾಗ ನೀವು ಯಾರದೋ ಗಡಿಯಾರದ ಮುಳ್ಳು ಹುಡುಕ್ತಾ ಕೂತಿದ್ರಿ. ಆಗ ಈ ಮುಖ ಎಲ್ಲಿತ್ತು?”

ಗಂಡ ಕೇಳಿಸದವನಂತೆ ಕೆಮ್ಮಿದ.

ಇದೇ ಸಮಯವೆಂದು ಟೈಲರಮ್ಮ ತನ್ನ ಹಳೆಯ ಬೇಡಿಕೆಯನ್ನು ಮುಂದಿಟ್ಟಳು. ಅವಳ ಹೊಲಿಗೆ ಮಿಷನ್ ಇದ್ದದ್ದು ಅಡುಗೆಮನೆಗೂ ಬಚ್ಚಲಿಗೂ ನಡುವಿನ ಇಕ್ಕಟ್ಟಿನಲ್ಲಿ. ಸ್ನಾನಕ್ಕೆ ಹೋಗುವವರು ಹೊಟ್ಟೆ ಒಳಗೆಳೆದುಕೊಂಡು ಅಡ್ಡಡ್ಡ ನುಸುಳಬೇಕು. ಸ್ನಾನ ಮುಗಿಸಿ ಬರುವವರ ನೀರು ಗಿರಾಕಿಗಳ ಬಟ್ಟೆಗೆ ಸಿಡಿಯದಂತೆ ಅವಳು ಕೊಡೆ ಬಿಡಿಸಿ ಹಿಡಿಯಬೇಕು. ಟೆರೇಸಿನಲ್ಲಿ ಅರ್ಧ ಬಿಟ್ಟುಕೊಟ್ಟರೆ ಮೇಲೊಂದು ತಗಡು ಹಾಕಿಸಿ ಬೆಳಕಿನಲ್ಲಿ ಕೂತು ಹೊಲಿಯುತ್ತೇನೆ ಎಂದು ಕೇಳಿ ಕೇಳಿ ಅವಳ ಕೂದಲು ನೆರೆತಿತ್ತು. ಪ್ರತಿ ಸಲವೂ ಒಂದೇ ಉತ್ತರ: ಪಾರಿವಾಳಕ್ಕೆ ಗಾಳಿ ಬೇಕು.

“ನೀವು ಬರೋವಾಗ ಇಪ್ಪತ್ತೊಂದು ಪಾರಿವಾಳಾನೂ ಇದ್ದ ಹಾಗೇ ಇದ್ರೆ ಅರ್ಧ ಟೆರೇಸು ನಂದು. ಆಯ್ತಾ?”

“ಒಂದು ಕಮ್ಮಿಯಾದ್ರೆ?”

“ಈ ಜನ್ಮದಲ್ಲಿ ಟೆರೇಸಿನ ಸುದ್ದಿ ಎತ್ತಲ್ಲ.”

ಗಂಡನಿಗೆ ಇದು ಎರಡೂ ಕಡೆಯಿಂದ ಲಾಭದ ವ್ಯಾಪಾರವಾಗಿ ಕಂಡಿತು. ಒಪ್ಪಿಕೊಂಡು ಪಾಠ ಶುರುಮಾಡಿದ.

“ನೋಡು, ಎತ್ತರದಲ್ಲಿ ಸುತ್ತು ಹಾಕ್ತಾ ಇರುತ್ತಲ್ಲ, ಬಾಲದ ತುದೀಲಿ ಸೀಳು ಇರೋದು, ಅದು ಹದ್ದು. ಅದರ ಕಣ್ಣೆಲ್ಲ ಕಸದ ರಾಶಿ ಮೇಲೆ. ಅದಕ್ಕೆ ಹೆದರಬೇಡ. ಡೇಗೆ ಅಂತ ಇನ್ನೊಂದಿದೆ. ರೆಕ್ಕೆ ಚೂಪು, ಕೆನ್ನೆ ಮೇಲೆ ಕಪ್ಪು ಮೀಸೆ. ಮೇಲಿಂದ ಕಲ್ಲು ಬಿದ್ದ ಹಾಗೆ ಬೀಳುತ್ತೆ. ಇಲ್ಲಿ ಅಪರೂಪ. ನಮ್ಮ ಶತ್ರು ಗಿಡುಗ. ಪಾರಿವಾಳದಷ್ಟೇ ಇರುತ್ತೆ. ರೆಕ್ಕೆ ಮೋಟು, ಬಾಲ ಉದ್ದ, ಎದೆ ಮೇಲೆ ಅಡ್ಡ ಗೆರೆ. ಗೋಡೆ ಮರೇಲಿ ಸದ್ದಿಲ್ದೆ ಬರುತ್ತೆ.”

ಟೈಲರಮ್ಮ ಇದನ್ನೆಲ್ಲ ತನ್ನ ಕಸುಬಿಗೆ ಇಳಿಸಿಕೊಂಡಳು. ಹದ್ದು ಎಂದರೆ ಹಿಂದೆ ಸೀಳು ಬಿಟ್ಟ ಕೋಟು. ಡೇಗೆ ಎಂದರೆ ಚೂಪು ಕಾಲರು. ಗಿಡುಗ ಎಂದರೆ ಮೋಟು ತೋಳು, ಎದೆಗೆ ಅಡ್ಡಪಟ್ಟೆ. ಗಿಡುಗದ ಬೆನ್ನು ಯಾವ ಬಣ್ಣವೆಂದು ಅವನು ಹೇಳಲಿಲ್ಲ, ಅವಳು ಕೇಳಲೂ ಇಲ್ಲ.

“ಕಟಿಂಗ್ ಗೊತ್ತಾದ್ಮೇಲೆ ಹಕ್ಕಿ ಏನು, ಹಡಗನ್ನೂ ಗುರುತು ಹಿಡೀತೀನಿ. ಹೊರಡಿ,” ಎಂದಳು.

ಮೊದಲ ದಿನ ಆಕಾಶದಲ್ಲಿ ಒಂದು ಹದ್ದು ಕಾಣಿಸಿತು. ಟೈಲರಮ್ಮ ಹಣೆಗೆ ಕೈ ಹಿಡಿದು ನೋಡಿ, “ಹೋಗಪ್ಪ, ನಿನ್ನ ಕೋಟಿನ ಹೊಲಿಗೆ ಹಿಂದೆ ಬಿಚ್ಚಿದೆ,” ಎಂದು ಅದಕ್ಕೆ ಬುದ್ಧಿ ಹೇಳಿ ಕಳಿಸಿದಳು. ಸಂಜೆ ಪಾರಿವಾಳಗಳೆಲ್ಲ ಗೂಡು ಸೇರಿದವು. ಅವಳು ಟೇಪು ಹಿಡಿದು ತನ್ನ ಪಾಲಿನ ಟೆರೇಸನ್ನು ಅಳೆದಳು. ಮಿಷನ್ ಎಲ್ಲಿ, ಬಟ್ಟೆ ಕತ್ತರಿಸುವ ಮೇಜು ಎಲ್ಲಿ ಎಂದು ಸೀಮೆಸುಣ್ಣದಲ್ಲಿ ಗೆರೆ ಎಳೆದಳು. ಅಳೆಯುವಾಗ ಅರ್ಧ ಎಂಬುದು ತಾನಾಗಿಯೇ ಮುಕ್ಕಾಲಾಯಿತು.

ಮಾರನೆಯ ಸಂಜೆ ಪಾರಿವಾಳಗಳು ಹೊರಗೆ ಅಡ್ಡಾಡುತ್ತಿದ್ದಾಗ ಟೆರೇಸಿನ ನೀರಿನ ಡ್ರಮ್ಮಿನ ಮೇಲೆ ಒಂದು ಹಕ್ಕಿ ಬಂದು ಕೂತಿತು. ಪಾರಿವಾಳದಷ್ಟೇ ಗಾತ್ರ. ಎದೆ ತುಂಬ ಕಂದು ಬಣ್ಣದ ಅಡ್ಡಪಟ್ಟೆ, ಒಂದೂ ಸೊಟ್ಟಗಿಲ್ಲ. ಇಂಥ ಅಚ್ಚುಕಟ್ಟಾದ ಪಟ್ಟೆ ಬಟ್ಟೆ ಅಂಗಡಿಯಲ್ಲೂ ಸಿಗದು ಎಂದು ಅವಳಿಗೆ ಅನಿಸಿತು. ಅಲ್ಲೇ ಅವಳು ಯೋಚಿಸಬೇಕಿತ್ತು. ಆದರೆ ರಣರಂಗದಲ್ಲಿ ಯೋಚಿಸುತ್ತ ನಿಂತವರು ಯಾರು?

ಧಡಧಡನೆ ಕೆಳಗಿಳಿದು ಬೆತ್ತದ ಬುಟ್ಟಿ ತಂದಳು. ಆ ಅವಸರದಲ್ಲಿ ಮೆಟ್ಟಿಲ ಬಾಗಿಲು ಹಾಕುವುದು ಮರೆತೇಹೋಯಿತು. ತಂತಿಯ ಮೇಲೆ ಒಣಗುತ್ತಿದ್ದ ಹೊದಿಕೆಯನ್ನು ಎಳೆದುಕೊಂಡು, ಉಸಿರು ಬಿಗಿಹಿಡಿದು, ತುದಿಗಾಲಲ್ಲಿ ಹೋಗಿ ಒಗೆದಳು. ಹೊದಿಕೆ ಬಿತ್ತು. ಅದರ ಹಿಂದೆ ಅವಳು ಬಿದ್ದಳು. ಇಬ್ಬರ ಭಾರಕ್ಕೆ ಡ್ರಮ್ಮೂ ಉರುಳಿ, ಟೆರೇಸಿನ ತುಂಬ ನೀರೋ ನೀರು. ಆದರೂ ಟೈಲರಮ್ಮ ಹಿಡಿದದ್ದನ್ನು ಬಿಡಲಿಲ್ಲ.

ಅದೇ ಗಳಿಗೆಯಲ್ಲಿ ಬೆನ್ನ ಹಿಂದೆ ಪಟಪಟ ಸದ್ದು. ತಿರುಗಿ ನೋಡಿದರೆ ಪಾರಿವಾಳಗಳು ಒಂದರ ಮೇಲೊಂದು ಬಿದ್ದು ಗೂಡಿನ ಕಂಬಿ ಬಾಗಿಲಿನಿಂದ ಒಳಗೆ ನುಗ್ಗುತ್ತಿದ್ದವು. ತಳ್ಳಿದರೆ ಒಳಕ್ಕೆ ಮಾತ್ರ ತೆರೆಯುವ ಬಾಗಿಲು ಅದು. ಒಮ್ಮೆ ಒಳಗೆ ಹೋದದ್ದು ತಾನಾಗಿ ಹೊರಗೆ ಬರಲಾರದು. ‘ನನ್ನ ಪರಾಕ್ರಮ ನೋಡಿ ಇವೂ ಹೆದರಿದವು’ ಎಂದುಕೊಂಡಳು.

ಶತ್ರುವನ್ನು ಕೆಳಗೆ ತಂದು ಬುಟ್ಟಿಯಡಿ ಕವುಚಿ ಮೇಲೆ ಇಸ್ತ್ರಿಪೆಟ್ಟಿಗೆ ಹೇರಿದಳು. ಮತ್ತೆ ಮೇಲೆ ಹೋಗಿ ಜಾಲರಿಯ ಹೊರಗಿನಿಂದ ಲೆಕ್ಕ ಹಾಕಿದಳು. ಹಕ್ಕಿಗಳೆಲ್ಲ ಒಂದೇ ಮೂಲೆಯಲ್ಲಿ ಒತ್ತಿಕೊಂಡಿದ್ದರಿಂದ ಯಾರು ಯಾರೆಂದು ತಿಳಿಯಲಿಲ್ಲ, ಬಾಲಗಳನ್ನು ಎಣಿಸಿದಳು. ಒಂದು ಬೂದು ಹಕ್ಕಿ ಮಾತ್ರ ಎಲ್ಲಕ್ಕಿಂತ ಮೇಲಿನ ಕೋಲಿನ ಮೇಲೆ ಬೆನ್ನು ಹಾಕಿ ಒಂಟಿಯಾಗಿ ಕೂತಿತ್ತು. ಅದನ್ನೂ ಸೇರಿಸಿದರೆ ಇಪ್ಪತ್ತೊಂದು. ಒಂದೂ ಕಮ್ಮಿಯಿಲ್ಲ. ಆ ದಿನ ಹೊಲಿಗೆಗೆ ರಜೆ ಕೊಟ್ಟು ಗಂಡನಿಗೆ ಫೋನು ಮಾಡಿದಳು.

“ಗಿಡುಗ ಹಿಡಿದೆ ರೀ.”

“ಏನು? ಕೈಯಲ್ಲೇ ಹಿಡಿದ್ಯಾ? ಉಗುರು ತಾಗಲಿಲ್ವಾ?”

“ನನ್ನ ಕೈಗೆ ಸಿಕ್ಕಿದ್ಮೇಲೆ ಉಗುರೆಲ್ಲ ಮಡಚಿಕೊಂಡಿದೆ.”

“ಈಗ ಏನ್ಮಾಡ್ತಿದೆ?”

“ಕಾಳು ತಿಂತಿದೆ.”

“ಗಿಡುಗ ಕಾಳು ತಿಂತಿದ್ಯಾ?”

“ಹಸಿವಾದ್ರೆ ಯಾರು ಏನು ಬೇಕಾದ್ರೂ ತಿಂತಾರೆ. ನಾನು ಸೀಯಿಸಿದ್ದನ್ನ ನೀವು ತಿನ್ನಲ್ವಾ?”

“ಸದ್ದೇನಾದ್ರೂ ಮಾಡುತ್ತಾ?”

“ಗುಟುರ್ ಗುಟುರ್ ಅಂತಿದೆ. ಭಾರೀ ಕಿಲಾಡಿ ರೀ. ಸಿಕ್ಕಿಬಿದ್ದ ಮೇಲೆ ಪಾರಿವಾಳದ ಹಾಗೆ ನಾಟಕ ಆಡ್ತಿದೆ.”

ಗಂಡ ಬೆಳಗಿನ ಮೊದಲ ಬಸ್ಸಿಗೇ ಓಡಿಬಂದ. ಬಾಗಿಲಲ್ಲಿ ಅವನ ಜೊತೆ ಟೈಲರಮ್ಮನ ಅಣ್ಣನೂ ನಿಂತಿದ್ದ. ಪಕ್ಕದ ಬೀದಿಯ ಪೇಂಟರ್ ಅವನು. ಅವನಿಗೂ ಪಾರಿವಾಳದ ಹುಚ್ಚು.

“ತಂಗೀ, ನನ್ನ ಸುಲ್ತಾನ ಈ ಕಡೆ ಬಂದಿದ್ನಾ? ನಿನ್ನೆ ಸಂಜೆಯಿಂದ ಮನೇಲಿಲ್ಲ.”

“ಸುಲ್ತಾನನ್ನ ಆಮೇಲೆ ಹುಡುಕೋಣ ಅಣ್ಣ. ಮೊದಲು ಇದನ್ನ ನೋಡು,” ಎಂದು ಅವಳು ಪರದೆ ಎತ್ತುವವಳಂತೆ ಬುಟ್ಟಿ ಎತ್ತಿದಳು.

ಎದೆಯ ಪಟ್ಟೆ ಅರ್ಧ ಅಳಿಸಿಹೋಗಿತ್ತು. ಉಳಿದರ್ಧ ಹೊದಿಕೆಗೂ ಟೈಲರಮ್ಮನ ಮೊಣಕೈಗೂ ಅಂಟಿಕೊಂಡಿತ್ತು.

“ಇದೇ ನನ್ನ ಸುಲ್ತಾನ,” ಎಂದ ಅಣ್ಣ.

“ಗಿಡುಗ ಸಾಕಿದ್ದೀಯಾ ನೀನು?”

“ಪಾರಿವಾಳ ಕಣೇ. ಗಿಡುಗ ಬಂದ್ರೆ ನಮ್ಮೋನೇ ಅಂತ ತಿಳಿದು ಬಿಟ್ಟುಹೋಗ್ಲಿ ಅಂತ ನಾನೇ ಪಟ್ಟೆ ಬಳಿದಿದ್ದೆ.”

“ಭಾವ,” ಎಂದ ಗಂಡ, “ಗಿಡುಗ ಮೋಸ ಹೋಗ್ಲಿ ಅಂತ ನೀವು ಬಳಿದ್ರಿ. ನನ್ನ ಹೆಂಡತಿ ಹೋದ್ಲು.”

“ಆಡ್ಕೊಂಡು ನಗಿ,” ಎಂದಳು ಟೈಲರಮ್ಮ. “ಲೆಕ್ಕ ಸರಿಯಾಗಿದೆ. ಮೇಲೆ ಬನ್ನಿ, ತೋರಿಸ್ತೀನಿ.”

ಮೂವರೂ ಗೂಡಿನ ಮುಂದೆ ನಿಂತರು.

“ನೋಡಿ, ಇವೆಲ್ಲ ಮೂಲೇಲಿ ಹೇಗೆ ನೂಕಾಡ್ತಿವೆ. ಮೇಲೆ ಕೂತಿದೆಯಲ್ಲ, ಅದನ್ನ ನೋಡಿ. ಗಲಾಟೆ ಇಲ್ಲ, ತಳ್ಳಾಟ ಇಲ್ಲ. ನಿಮ್ಮ ಹಕ್ಕಿಗಳಲ್ಲಿ ಮರ್ಯಾದಸ್ಥ ಅಂದ್ರೆ ಅದೊಂದೇ.”

ಮರ್ಯಾದಸ್ಥ ಮೆಲ್ಲಗೆ ಈ ಕಡೆ ತಿರುಗಿತು. ಹಳದಿ ಕಣ್ಣು, ಕೊಕ್ಕೆಯಂಥ ಕೊಕ್ಕು, ಎದೆ ತುಂಬ ಅಡ್ಡಪಟ್ಟೆ. ಅಣ್ಣ ಬಳಿದ ಪಟ್ಟೆಯೇ ಇದಕ್ಕಿಂತ ಚೆನ್ನಾಗಿತ್ತು ಎಂಬ ಮಾತು ಟೈಲರಮ್ಮನ ನಾಲಿಗೆಯ ತುದಿಗೆ ಬಂದು ಅಲ್ಲೇ ಒಣಗಿತು.

ಗಂಡ ಗೂಡಿನ ದೊಡ್ಡ ಬಾಗಿಲು ತೆರೆದ. ಗಿಡುಗ ಬಾಣದಂತೆ ಹೊರಟು, ಪೇಂಟರನ ಟೋಪಿಯನ್ನು ಬೀಳಿಸಿ, ಹೋದದ್ದೇ ಹೋಯಿತು.

“ನೀನು ಡ್ರಮ್ಮಿನ ಜೊತೆ ಉರುಳ್ತಿದ್ದಾಗ ಇದು ಪಾರಿವಾಳಗಳನ್ನ ಅಟ್ಟಿಸಿಕೊಂಡು ಒಳಗೆ ಹೋಗಿದೆ. ರಾತ್ರಿಯೆಲ್ಲ ಕತ್ತಲಲ್ಲಿ ಕಂಗಾಲಾಗಿ ಕೂತಿದೆ,” ಎಂದ ಗಂಡ. ಆಮೇಲೆ ಹಕ್ಕಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿದ. ಅವನ ದನಿ ಕುಗ್ಗಿತು. “ಇಪ್ಪತ್ತೇ ಇವೆ. ಚುಕ್ಕಿ ಇಲ್ಲ.”

ಅವನು ಗೂಡಿಗೆ ಒರಗಿ ಕೂತುಬಿಟ್ಟ. ಟೈಲರಮ್ಮ ಅವನ ಮುಖ ನೋಡಿದಳು. ನೆಲದ ಮೇಲೆ ನೀರಿಗೆ ಅಳಿಯದೆ ಉಳಿದಿದ್ದ ಸೀಮೆಸುಣ್ಣದ ಗೆರೆಗಳನ್ನು ತಾನೇ ಕಾಲಿನಿಂದ ಉಜ್ಜಿ ಅಳಿಸಿದಳು. ಆ ಮನೆಯಲ್ಲಿ ಅವಳು ಜಗಳವಾಡದೆ ಸೋತದ್ದು ಅದೇ ಮೊದಲು.

ಕೆಳಗೆ ಹೋಗಿ ಮಿಷನ್ ಮುಂದೆ ಕೂತಳು. ದುಃಖ ಒಂದು ಕಡೆ, ಶಾಲೆಯ ಹೆಡ್‌ಮೇಡಂ ಮಗಳ ರೇಷ್ಮೆ ಫ್ರಾಕು ಇನ್ನೊಂದು ಕಡೆ. ಕತ್ತರಿಸಿಟ್ಟ ಬಟ್ಟೆಯ ತೊಟ್ಟಿಗೆ ಕೈ ಹಾಕಿದಳು. ತೊಟ್ಟಿಯೊಳಗಿನಿಂದ ಯಾರೋ ಕುಟುಕಿದರು.

“ರೀ, ಬೇಗ ಬನ್ನಿ.”

ತೆರೆದ ಮೆಟ್ಟಿಲ ಬಾಗಿಲಿನಿಂದ ತಪ್ಪಿಸಿಕೊಂಡು ಬಂದ ಚುಕ್ಕಿ ಗುಲಾಬಿ ರೇಷ್ಮೆಯ ಮೇಲೆ ರಾಣಿಯಂತೆ ಕೂತಿತ್ತು. ಹೊಟ್ಟೆಯಡಿ ಬೆಳ್ಳಗೆ ಒಂದು ಮೊಟ್ಟೆ. ಗಂಡನ ಕಣ್ಣಲ್ಲಿ ನೀರು ಬಂತು.

“ಮುಟ್ಟಬೇಡ. ಜಾಗ ಬದಲಾಯಿಸಿದ್ರೆ ಮೊಟ್ಟೆ ಬಿಟ್ಟು ಎದ್ದುಬಿಡ್ತಾಳೆ.”

“ಮತ್ತೆ ನಾನು ಹೊಲಿಯೋದು?”

“ಮಿಷನ್ ಸದ್ದಿಗೆ ಹೆದರ್ತಾಳೆ. ಇಲ್ಲಿಂದ ತೆಗೀಬೇಕು.”

“ತೆಗೆದು ಎಲ್ಲಿಡ್ತೀರಿ?”

ಗಂಡ ಭಾವನ ಮುಖ ನೋಡಿದ, ಭಾವ ಸೂರು ನೋಡಿದ. “ಮೇಲಕ್ಕೆ,” ಎಂದ ಗಂಡ ಬಹಳ ಕಷ್ಟದಿಂದ.

“ಹಾಗಾದ್ರೆ ಪಂಥ ನಾನೇ ಗೆದ್ದೆ.”

“ನೀನೆಲ್ಲಿ ಗೆದ್ದೆ? ಚುಕ್ಕಿ ನಿನ್ನ ಕೈಲಿ ಮನೆ ಖಾಲಿ ಮಾಡಿಸಿದ್ದಾಳೆ.”

ಅವತ್ತೇ ಇಬ್ಬರೂ ಗಂಡಸರು ಏದುಸಿರು ಬಿಡುತ್ತ ಮಿಷನ್ ಹೊತ್ತು ಟೆರೇಸಿನ ಮೇಲಿಟ್ಟರು, ಮೇಲೆ ತಗಡನ್ನೂ ಕಟ್ಟಿದರು. ಮಧ್ಯಾಹ್ನ ಹೆಡ್‌ಮೇಡಂ ಫ್ರಾಕು ಕೇಳಿಕೊಂಡು ಬಂದರು. ಕೆಳಗೆ ಕಾವಲು ಕೂತಿದ್ದ ಗಂಡ ತುಟಿಗೆ ಬೆರಳಿಟ್ಟು, “ಮೆಲ್ಲಗೆ ಮೇಡಂ, ಒಳಗೆ ಬಾಣಂತಿ ಇದ್ದಾಳೆ,” ಎಂದು ಅವರನ್ನು ಮೇಲೆ ಕಳಿಸಿದ.

“ಫ್ರಾಕು ಆಯ್ತಾ ಟೈಲರಮ್ಮ?”

ಟೈಲರಮ್ಮ ಸೂಜಿ ಕೆಳಗಿಟ್ಟಳು. ಗಿರಾಕಿಗಳಿಗೆ ಸಬೂಬು ಹೇಳಿ ಪಳಗಿದ ನಾಲಿಗೆ ಅವಳದು. ಆವತ್ತು ಮಾತ್ರ ಅದಕ್ಕೆ ನಿಜವೊಂದೇ ಗತಿಯಾಯಿತು.

“ಇನ್ನೂ ಎರಡು ಮೂರು ವಾರ ಬೇಕು ಮೇಡಂ. ಅದರ ಮೇಲೆ ಪಾರಿವಾಳ ಕಾವಿಗೆ ಕೂತಿದೆ.”

ಹೆಡ್‌ಮೇಡಂ ಕೈಚೀಲ ಹೆಗಲಿಗೇರಿಸಿದರು.

“ಕರೆಂಟ್ ಇಲ್ಲ ಅಂದ್ರಿ, ನಂಬಿದೆ. ಹೊಂದೋ ದಾರ ಸಿಗ್ಲಿಲ್ಲ ಅಂದ್ರಿ, ಅದನ್ನೂ ನಂಬಿದೆ. ಇಷ್ಟೊಂದು ಕಷ್ಟಪಟ್ಟು ಸುಳ್ಳು ಹೇಳ್ತಿರೋದು ಇದೇ ಮೊದಲು. ಆ ಶ್ರಮಕ್ಕಾದ್ರೂ ಬೆಲೆ ಕೊಡ್ಬೇಕಲ್ಲ, ಮೂರು ವಾರ ತಗೊಳ್ಳಿ.”