ಬರ್ತಾ ಇರಿ

ಬಚ್ಚಲಿನಲ್ಲಿ ಷವರ್ ಸುರಿಯುತ್ತಿತ್ತು. ಯಾರೋ ಸಾವಕಾಶವಾಗಿ, ಸಂತೋಷವಾಗಿ ಮೀಯುತ್ತಿದ್ದಾರೆಂದು ಸದ್ದೇ ಹೇಳುತ್ತಿತ್ತು. ಹೊರಗೆ ತಲೆತುಂಬ ಎಣ್ಣೆ ಮೆತ್ತಿಕೊಂಡು, ಹೆಗಲಿಗೆ ಟವೆಲು ಹಾಕಿಕೊಂಡು ನಿಂತಿದ್ದ ಬದರಿನಾಥನಿಗೆ ಅದು ತನ್ನ ಆಸ್ತಿ ಹರಾಜಾಗುವ ಸದ್ದಿನಂತೆ ಕೇಳಿತು.

ಏವನ್‌ಡೇಲ್ ಎಂಬ ಪರದೇಶದ ಬಡಾವಣೆಯ ಆ ಫ್ಲ್ಯಾಟಿನಲ್ಲಿ ಬಿಸಿನೀರು ತುಂಬಿಡುವ ಸಿಲಿಂಡರು ಹುಟ್ಟಿದ್ದೇ ಇಬ್ಬರಿಗಾಗಿ: ಮೈಸೂರಿನ ಬದರಿನಾಥ, ಬೆಂಗಳೂರಿನ ಶ್ರೀಕರ್. ಮೂರನೆಯವನೊಬ್ಬ ಮಿಂದರೆ ಕೊನೆಯವನಿಗೆ ಹಿಮಾಲಯದ ತಪಸ್ಸು. (ಅಸಲಿ ಬದರಿನಾಥದಲ್ಲಾದರೂ ಬಿಸಿನೀರಿನ ಕುಂಡವಿದೆ. ಇವನ ಪಾಲಿಗೆ ಬಂದದ್ದು ಹೆಸರು ಮಾತ್ರ.) ವಾರವೆಲ್ಲ ಕಂಪ್ಯೂಟರಿನ ಮುಂದೆ ಕಾದ ತಲೆಗೆ ಭಾನುವಾರದ ಎಣ್ಣೆಸ್ನಾನವೊಂದೇ ಐಶ್ವರ್ಯ. ಚಳಿಗಾಲ ಶುರುವಾದಾಗಿನಿಂದ ಅದನ್ನು ಶ್ರೀಕರನ ಗೆಳೆಯ ಭೀಮಸೇನ ಕೊಳ್ಳೆ ಹೊಡೆಯುತ್ತಿದ್ದ. ಬಾಗಲಕೋಟೆಯವನು, ಊರಾಚೆಯ ಪುಕೆಕೊಹೆ ಎಂಬಲ್ಲಿ ಈರುಳ್ಳಿ ವಿಂಗಡಿಸುವ ಯಂತ್ರಗಳ ಎಂಜಿನಿಯರು. ಶುಕ್ರವಾರ "ಒಂದ ರಾತ್ರಿ" ಎಂದು ಬಂದು ಸೋಫಾ ಹಿಡಿದರೆ ಭಾನುವಾರ ಮಿಂದೇ ಹೊರಡುತ್ತಿದ್ದ.

ಬದರಿನಾಥ ಅಡುಗೆಮನೆಗೆ ಹೋಗಿ, ದೋಸೆ ಹುಯ್ಯುತ್ತಿದ್ದ ಶ್ರೀಕರನ ಕಿವಿಯಲ್ಲಿ ಅಂದ: "ನಿನ್ನ ನೆಂಟರ ಕಾಟ ಸಾಕಾಯ್ತು ಕಣೋ."

"ನಾನೆಲ್ಲಿ ಕರೀತೀನಿ? ಕರೆಯೋನು ನೀನು."

"ನಾನಾ?"

"ಅವನು ಹೊರಟಾಗಲೆಲ್ಲ ಬಾಗಿಲಲ್ಲಿ ನಿಂತು ಬಾಯ್ತುಂಬ 'ಬರ್ತಾ ಇರಿ' ಅಂತೀಯ. ಪಾಪ, ಬರ್ತಾ ಇದಾನೆ."

"ಅದು ಮಾತಿಗೆ ಅನ್ನೋದಪ್ಪ."

"ಹಾಗಾದ್ರೆ ಅನ್ಬೇಡ. ಇವತ್ತು ಬಾಯಿಗೆ ಬೀಗ ಹಾಕ್ಕೊ."

ಬೀಗ ಹಾಕುವುದೇನು ಸುಲಭವೇ? ಬದರಿನಾಥ ಹುಟ್ಟಿದ ಮನೆಯಲ್ಲಿ ಯಾರಿಗೂ ಬರೀ "ಹೋಗಿ" ಎಂದವರಿಲ್ಲ. ಬಿಟ್ಟುಹೋಗುವ ಜ್ವರಕ್ಕೂ ಅಜ್ಜಿ "ಹೋಗಿ ಬಾ" ಎನ್ನುತ್ತಿದ್ದಳೇನೋ. ಆದರೆ ಎಣ್ಣೆ ಹುಬ್ಬಿಗಿಳಿಯುತ್ತಿತ್ತು. ಅವನು ಶಪಥ ಮಾಡಿದ.

ಭೀಮಸೇನ ಇಡ್ಲಿಯ ಹಾಗೆ ಹಬೆಯಾಡುತ್ತ ಹೊರಬಂದ. ಬದರಿನಾಥ ಒಳಗೆ ಓಡಿ ನಲ್ಲಿ ತಿರುಗಿಸಿದ. ಐಸು. ಹಲ್ಲು ಕಚ್ಚಿಕೊಂಡು ಕಾದ. ಅತಿಥಿ ದೋಸೆ ತಿಂದ, ಬೂಟು ಹಾಕಿದ, ಚೀಲ ಎತ್ತಿ ಬಾಗಿಲಿಗೆ ಬಂದ.

"ಬದರಿ, ನಾ ಹೊಂಟೆ ನೋಡ್ರಿ."

ಬದರಿನಾಥ ತುಟಿ ಬಿಗಿದ. ಭೀಮಸೇನ ಕಾದ. ಆಮೇಲೆ ಮೆಲ್ಲಗೆ ಚೀಲ ಕೆಳಗಿಟ್ಟ.

"ಯಾಕ್ರಿ, ಆರಾಮಿಲ್ಲೇನು?" ಹಣೆ ಮುಟ್ಟಿದ, ಬೆರಳು ಜಾರಿತು. "ಎಣ್ಣಿ ಹಚ್ಕೊಂಡು ಥಂಡ್ಯಾಗ ನಿಂತೀರಿ. ಮಾತೂ ಬರವಲ್ದು. ಹಿಂಗ ಬಿಟ್ಟು ಹೆಂಗ ಹೋಗ್ಲಿ? ನಾಳೆ ರಜಾ ಹಾಕ್ತೀನಿ. ಕಷಾಯ ಮಾಡಿಕೊಡ್ತೀನಿ."

ಅವನ ಕೈ ಬೂಟಿನ ಲೇಸಿಗೆ ಹೋದದ್ದೇ ತಡ, ಶಪಥ ಮುರಿಯಿತು.

"ನೀರು," ಎಂದ ಬದರಿನಾಥ. "ಬಿಸಿನೀರು ಮುಗಿದುಹೋಗಿದೆ ಕಣ್ರೀ. ಅಷ್ಟೇ."

"ಇಷ್ಟಽ ಏನ್ರಿ? ನಮ್ಮ ಮನ್ಯಾಗ ಗ್ಯಾಸಿಂದು. ಎಷ್ಟ ಹೊಯ್ಕೊಂಡ್ರೂ ಮುಗಿಯಂಗಿಲ್ಲ."

"ಮತ್ತೆ ಅಲ್ಲೇ ಸ್ನಾನ ಮಾಡಬಾರ್ದೇನ್ರೀ?"

ಭೀಮಸೇನ ಚೀಲದ ಪಟ್ಟಿಯನ್ನು ಸುಮ್ಮನೆ ನೀವಿದ. "ನೀರ ಅದಾವ್ರಿ. ಮಿಂದು ಹೊರಗ ಬಂದ್ರ, ನಾಷ್ಟಾ ಆತೇನೋ ಅಂತ ಕೇಳಾಕ ಒಂದ ಜೀವ ಇಲ್ಲ." ಚೀಲ ಹೆಗಲಿಗೇರಿಸಿ, "ಬರ್ರಲಾ, ಗಾಡಿ ಐತಿ. ತಲಿಗೆ ನೀರ ನಾನ ಹಾಕ್ತೀನಿ," ಎಂದ.

ಬದರಿನಾಥನ ಎದೆಯೊಳಗೆ ಯಾವುದೋ ನಲ್ಲಿ ತಿರುಗಿದಂತಾಯಿತು. ಬಂದದ್ದು ಬಿಸಿನೀರೇ.

ಶ್ರೀಕರ್ ದೋಸೆ ಮಗುಚುವ ಸಟ್ಟುಗ ಹಿಡಿದುಕೊಂಡೇ ಬಾಗಿಲಿಗೆ ಬಂದ. "ನೋಡು ಬದರಿ, ನೆಂಟರ ಕಾಟ ಅಂದ್ರೆ ಇದೇ. ಹೊತ್ತಿಲ್ಲ ಗೊತ್ತಿಲ್ಲ, ಇನ್ನೊಬ್ಬರ ಮನೆಗೆ ನುಗ್ಗಿ, ಅವರ ನೀರೆಲ್ಲ..."

ಮಾತು ಮುಗಿಯುವವರೆಗೆ ಬದರಿನಾಥ ನಿಲ್ಲಲಿಲ್ಲ. ಒಂದು ಕೈಯಲ್ಲಿ ಸೀಗೆಪುಡಿಯ ಡಬ್ಬಿ, ಇನ್ನೊಂದರಲ್ಲಿ (ಅಕಸ್ಮಾತ್ ಕತ್ತಲಾಗಿಬಿಟ್ಟರೆ ಎಂದು) ದಿಂಬು ಹಿಡಿದು ಮೆಟ್ಟಿಲಿಳಿಯುತ್ತಿದ್ದ.

"ಬರ್ತಾ ಇರಿ," ಎಂದು ಹಿಂದಿನಿಂದ ಶ್ರೀಕರ್ ಬಾಯ್ತುಂಬ ಅಂದ.