ನಮ್ಮತ್ತೆಯ ಬೈಕ್ ನೀತಿ

ಬೆಂಗಳೂರಿನಂಥ ಮಹಾನಗರಕ್ಕೆ ಬೈಕ್ ಸುರಕ್ಷತಾ ನೀತಿಯನ್ನು ಯಾರು ರೂಪಿಸುತ್ತಾರೆ ಅಂದುಕೊಂಡಿದ್ದೀರಿ? ದೊಡ್ಡ ಅಧಿಕಾರಿಗಳು? ವಿದೇಶದಲ್ಲಿ ಓದಿ ಬಂದ ತಜ್ಞರು? ಪಾಪ, ನಿಮಗೆ ಗೊತ್ತಿಲ್ಲ! ಅದು ತಯಾರಾಗಿದ್ದು ಬನಶಂಕರಿ ಎರಡನೇ ಹಂತದ ನಮ್ಮ ಅಡುಗೆಮನೆಯಲ್ಲಿ, ಹುರುಳಿಕಾಯಿಯ ನಾರು ಬಿಡಿಸುತ್ತಾ. ರೂಪಿಸಿದವರು ನನ್ನ ಅತ್ತೆ, ಅಂದರೆ ಹೆಂಡತಿಯ ತಾಯಿ. ಅವರಿಗೆ ಬೈಕ್ ಇರಲಿ, ಸೈಕಲ್ಲೂ ಬರುವುದಿಲ್ಲ.

"ಓಡಿಸಕ್ಕೆ ಬರದೇ ಇರೋರು ನೀತಿ ಮಾಡೋದು ಹೇಗೆ ಅತ್ತೆ?" ಎಂದು ಒಮ್ಮೆ ಧೈರ್ಯ ಮಾಡಿ ಕೇಳಿದೆ.

"ಓಡಿಸೋರಿಗೆ ರಸ್ತೆ ಮಾತ್ರ ಕಾಣತ್ತೆ ಅಳಿಯಂದ್ರೇ. ಹಿಂದೆ ಕೂತೋರಿಗೆ ಓಡಿಸೋರೂ ಕಾಣ್ತಾರೆ," ಎಂದರು.

ಇದಕ್ಕೆ ಎದುರಾಡುವುದಾದರೂ ಹೇಗೆ? ಮಾವನವರು ಇರುವಷ್ಟು ದಿನ ಅವರ ಸ್ಕೂಟರಿನ ಹಿಂದೆ ಕೂತು ಶ್ರೀನಗರದಿಂದ ವಸಂತಪುರದವರೆಗೆ ಸುತ್ತಿದವರು ಅತ್ತೆ. ಮಾವನವರನ್ನು ನಾನು ನೋಡಿದ್ದು ಗೋಡೆಯ ಮೇಲಿನ ಫೋಟೋದಲ್ಲಿ ಮಾತ್ರ. ಹಿಂದಿನ ಸೀಟು ಈಗಲೂ ಅತ್ತೆಯದೇ. ಮುಂದಿನ ಸೀಟಿಗೆ ನಾನು ಬಂದಿದ್ದೇನೆ.

ಇದೆಲ್ಲ ಶುರುವಾಗಿದ್ದು ಪೇಪರಿನ ಒಂದು ಪುಟ್ಟ ಸುದ್ದಿಯಿಂದ. ಬೈಕ್ ಸುರಕ್ಷತಾ ನೀತಿಗೆ ಸಾರ್ವಜನಿಕರ ಸಲಹೆ ಕೇಳುವ ಸಭೆಯೊಂದು ಜಯನಗರದಲ್ಲಿ ನಡೆಯಲಿದೆಯಂತೆ. ನಾವೆಲ್ಲ ಓದಿ ಪುಟ ತಿರುಗಿಸಿದೆವು. ಅತ್ತೆ ತಿರುಗಿಸಲಿಲ್ಲ. "ಅಲ್ಲಿ ಹೋಗಿ ನಾನು ಹೇಳಲೇಬೇಕು. ಹೇಳದೆ ಇದ್ರೆ ನನಗೆ ಸಮಾಧಾನ ಇಲ್ಲ," ಎಂದರು. ಅಂದಿನಿಂದ ನನ್ನ ಬೈಕೇ ಅವರ ಸಂಶೋಧನಾ ಕೇಂದ್ರ, ನಾನೇ ಪ್ರಯೋಗದ ಇಲಿ!

ಮೊದಲು ಬಿದ್ದಿದ್ದು ಹಾರನ್ನಿಗೆ ಕಡಿವಾಣ. "ಹಾರನ್ ಹೊಡೆಯೋದೂ ಒಂದೇ, ಎದುರಿಗಿರೋರನ್ನ ಬೈಯೋದೂ ಒಂದೇ. ನಮ್ಮ ರಸ್ತೇಲಂತೂ ಕೂಡದು." ಆಯಿತಮ್ಮ, ಬಿಟ್ಟೆ. ಹಾರನ್ ಬದಲು ಅವರು ಕಂಡುಹಿಡಿದ ಉಪಾಯ ನನ್ನ ಹೆಲ್ಮೆಟ್ಟಿಗೆ ಹಿಂದಿನಿಂದ ಕುಟ್ಟುವುದು. ಮೆಲ್ಲಗೆ ಕುಟ್ಟಿದರೆ ನಿಧಾನ, ಜೋರಾಗಿ ಕುಟ್ಟಿದರೆ ಅಪಾಯ, ನಿಲ್ಲಿಸು. ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಒಂದು ದಿನ ಬಾಗಿಲು ಬಡಿದ ಹಾಗೆ ದಬದಬ ಕುಟ್ಟಿದರು. ಗಕ್ಕನೆ ಬ್ರೇಕ್ ಒತ್ತಿದೆ. ಹಿಂದಿನ ಆಟೋದವನು ನನ್ನ ವಂಶವನ್ನೆಲ್ಲ ನೆನೆಸಿಕೊಂಡ.

"ಏನತ್ತೆ, ಏನಾಯ್ತು?"

"ಏನೂ ಆಗಿಲ್ಲ. ಮೆಂತ್ಯ ಸೊಪ್ಪು ಎಷ್ಟು ಎಳೇದಾಗಿದೆ ನೋಡಿ!"

ಆಮೇಲೆ ಹೆಲ್ಮೆಟ್ ಸಮೀಕ್ಷೆ. ದಾರಿಯುದ್ದಕ್ಕೂ ವರದಿ ಒಪ್ಪಿಸುತ್ತಿದ್ದರು. ಮೊಣಕೈಯಲ್ಲಿ ಹೆಲ್ಮೆಟ್ಟು, ಕನ್ನಡಿಗೆ ಹೆಲ್ಮೆಟ್ಟು, ಪೆಟ್ರೋಲ್ ಟ್ಯಾಂಕಿನ ಮೇಲೆ ಹೆಲ್ಮೆಟ್ಟು, ಒಂದರೊಳಗಂತೂ ಟೊಮೆಟೊ! "ತಲೆ ಒಂದು ಬಿಟ್ಟು ಮಿಕ್ಕಿದ್ದಕ್ಕೆಲ್ಲ ರಕ್ಷಣೆ ಇದೆ ಈ ಊರಲ್ಲಿ," ಎಂದು ನಿಟ್ಟುಸಿರು ಬಿಟ್ಟರು. ಬಿಟಿಎಂ ಲೇಔಟಿನ ಸಿಗ್ನಲ್ಲಿನಲ್ಲಿ ಪಕ್ಕದಲ್ಲೇ ಒಬ್ಬ ಯುವಕ ಮೊಣಕೈಗೆ ಹೆಲ್ಮೆಟ್ ಏರಿಸಿಕೊಂಡು ನಿಂತಿದ್ದ. ಅತ್ತೆ ಸುಮ್ಮನಿರುತ್ತಾರೆಯೇ?

"ಯಾಕಪ್ಪ, ತಲೆಗೆ ಹಾಕ್ಕೊಂಡಿಲ್ಲ?"

"ಪೊಲೀಸ್ರು ಯಾರೂ ಕಾಣ್ಲಿಲ್ರಿ ಅಮ್ಮಾರ."

"ಹಿಂದೆ ಇರೋ ಲಾರಿ ಕಾಣ್ತಾ?"

ಅವನು ನಕ್ಕ. ಅತ್ತೆ ನಗಲಿಲ್ಲ. "ಯಾವೂರು?"

"ಗದಗ ರೀ. ಇಲ್ಲೇ ರೂಮ್ ಮಾಡೀನಿ."

"ಊರಲ್ಲಿ ಅಮ್ಮ ಇದ್ದಾರಲ್ಲ? ನಂಬರ್ ಕೊಡು. ಹೀಗೆ ಓಡಾಡ್ತೀಯ ಅಂತ ಒಂದು ಮಾತು ಹೇಳ್ತೀನಿ."

ಅವನ ಮುಖ ನೋಡಬೇಕಿತ್ತು! "ಬ್ಯಾಡ್ರಿ ಅಮ್ಮಾರ, ಅಕಿಗೆ ಮಾತ್ರ ಹೇಳಬ್ಯಾಡ್ರಿ," ಎನ್ನುತ್ತಾ ಹೆಲ್ಮೆಟ್ ಏರಿಸಿ, ಪಟ್ಟಿಯನ್ನೂ ಬಿಗಿದುಕೊಂಡ. ನೀತಿಯ ಮುಖ್ಯ ಅಂಶ ಅಲ್ಲೇ ಹುಟ್ಟಿತು. ದಂಡ ಬೇಡ, ಮನೆಗೆ ಫೋನ್ ಮಾಡಿ.

ಅಷ್ಟರಲ್ಲಿ ಆಯುಧಪೂಜೆ ಬಂತು. ಎಲ್ಲರ ಮನೆಯಲ್ಲೂ ಬೈಕಿಗೆ ಪೂಜೆಯಾದರೆ ನಮ್ಮಲ್ಲಿ ಹೆಲ್ಮೆಟ್ಟಿಗೆ! ಮಣೆಯ ಮೇಲೆ ಕೂರಿಸಿ, ಹಾರ ಹಾಕಿ, ಗಾಜಿನ ನಟ್ಟನಡುವೆ ಗಂಧ ಕುಂಕುಮ ಬಳಿದು ಆರತಿ ಎತ್ತಿದರು. ಬೈಕಿನ ಪಾಲಿಗೆ ಬಂದಿದ್ದು ಉಳಿದ ಎರಡು ಸೇವಂತಿಗೆ ಹೂವು. ಇನ್ನು ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಗಾಡಿ ಹತ್ತಿಸುವ ಶಾಸ್ತ್ರ ಇದೆಯಲ್ಲ, ಅಲ್ಲಿ ಅತ್ತೆಗೆ ಧರ್ಮಸಂಕಟ. ಶಾಸ್ತ್ರ ಬಿಡುವಂತಿಲ್ಲ, ನಿಂಬೆಹಣ್ಣಿನ ಮೇಲೆ ಚಕ್ರ ಜಾರಿದರೆ? ಕೊನೆಗೆ ತೀರ್ಪು ಬಂತು. ಎಂಜಿನ್ ಆಫ್ ಮಾಡಿ, ಹೆಲ್ಮೆಟ್ ಹಾಕಿಕೊಂಡು, ಗಾಡಿಯನ್ನು ಕೈಯಲ್ಲೇ ತಳ್ಳಬೇಕು. ಗಾಜಿನ ಕುಂಕುಮದಿಂದಾಗಿ ನನಗೆ ಲೋಕವೆಲ್ಲ ಕೆಂಪು. ಕುರುಡನ ಹಾಗೆ ತಡವರಿಸುತ್ತಾ ನಿಂಬೆಹಣ್ಣು ಹುಡುಕುತ್ತಿದ್ದ ನನ್ನನ್ನು ಇಡೀ ಬೀದಿ ನಿಂತು ನೋಡಿತು. ಎದುರು ಮನೆಯ ಅಂಕಲ್ ವಿಡಿಯೊ ಬೇರೆ ಮಾಡಿಕೊಂಡರು!

ಇದನ್ನೆಲ್ಲ ಸಹಿಸಿಕೊಳ್ಳಬಹುದು ಸ್ವಾಮಿ, ಹೊಟ್ಟೆಯ ವಿಷಯ ಹೇಗೆ ಸಹಿಸುವುದು? ಬೊಮ್ಮನಹಳ್ಳಿಯಲ್ಲಿ ಕೆಲಸ ಮುಗಿಸಿ, ಆ ಟ್ರಾಫಿಕ್ಕಿನಲ್ಲಿ ಬೆಂದು ಮನೆಗೆ ಬಂದರೆ ಅನ್ನ ಇರುವುದಿಲ್ಲ. ಸಾರು ರೆಡಿ, ಪಲ್ಯ ರೆಡಿ, ಅಕ್ಕಿ ತೊಳೆದು ಕುಕ್ಕರಿನಲ್ಲಿ ರೆಡಿ. ನನ್ನ ಗಾಡಿ ಗೇಟಿನೊಳಗೆ ಬಂದ ಮೇಲೆಯೇ ಒಲೆ ಹಚ್ಚುವುದು. ಹಸಿದ ಹೊಟ್ಟೆ ಹಿಡಿದುಕೊಂಡು ನಾನು ಕುಕ್ಕರಿನ ಮುಂದೆ ಭಕ್ತನ ಹಾಗೆ ಕೂರಬೇಕು.

"ಮೊದಲೇ ಇಟ್ಟಿದ್ರೆ ಏನಾಗ್ತಿತ್ತು ಅತ್ತೆ?"

"ಆರಿದ ಅನ್ನ ತಿಂದ್ರೆ ಗ್ಯಾಸ್ ಆಗತ್ತೆ," ಎನ್ನುವರು. ಹೆಂಡತಿಯ ಕಡೆ ನೋಡಿದರೆ ಅವಳು ತಟ್ಟೆ ಹಾಕುವ ನೆಪದಲ್ಲಿ ಮುಖ ತಿರುಗಿಸುತ್ತಿದ್ದಳು. ತಾಯಿಯ ಪರ, ಇನ್ನೇನು ಎಂದುಕೊಂಡಿದ್ದೆ.

ಅಂತೂ ಸಭೆಯ ದಿನ ಬಂತು. ಅತ್ತೆ ಇಸ್ತ್ರಿ ಮಾಡಿದ ಇಳಕಲ್ ಸೀರೆ ಉಟ್ಟು, ಹೆಲ್ಮೆಟ್ ತೊಟ್ಟು ಹೊರಟರು. ಜಯನಗರದ ಆ ಸಭಾಂಗಣದಲ್ಲಿ ಫ್ಲೈಓವರ್ ಬಗ್ಗೆ ಮಾತನಾಡುವವರು, ಕ್ಯಾಮೆರಾ ಬಗ್ಗೆ ಮಾತನಾಡುವವರು, ಪರದೆಯ ಮೇಲೆ ಚಿತ್ರ ತೋರಿಸುವವರು ತುಂಬಿದ್ದರು. ಅತ್ತೆಯ ಸರದಿ ಬಂದಾಗ ನನಗೆ ಒಂದೇ ಭಯ. ಎಲ್ಲಿ ಮೈಕನ್ನೂ ಕುಟ್ಟುತ್ತಾರೋ ಎಂದು!

"ಸಾರ್, ದಂಡ ಹಾಕಿದ್ರೆ ಕಟ್ಟಿ ಮರೀತಾರೆ. ಹೆಲ್ಮೆಟ್ ಇಲ್ದೆ ಸಿಕ್ಕಿದ್ರೆ ಮನೆಗೆ ಫೋನ್ ಮಾಡಿ, ಕಾಯ್ತಿರೋರ ಹತ್ರ ಮಾತಾಡ್ಸಿ," ಎಂದರು ಅತ್ತೆ.

ಸಭೆಯೆಲ್ಲ ಗೊಳ್ಳೆಂದಿತು. ವೇದಿಕೆಯ ಮೇಲಿದ್ದ ಅಧಿಕಾರಿಯೂ ನಗುತ್ತಲೇ ಕೇಳಿದರು. "ಅಮ್ಮ, ನೀವು ಗಾಡಿ ಓಡಿಸ್ತೀರಾ?"

"ಇಲ್ಲ ಸಾರ್. ನಾನು ಕಾಯ್ತೀನಿ."

ನಗು ಅರ್ಧಕ್ಕೇ ನಿಂತಿತು.

"ನಮ್ಮನೆಯವರು ಸ್ಕೂಟರಲ್ಲಿ ಹೋಗಿದ್ರು. ಇನ್ನೇನು ಬರ್ತಾರೆ ಅಂತ ಬಿಸಿಬಿಸಿ ಅನ್ನ ಮಾಡಿಟ್ಟಿದ್ದೆ. ಅವರು ಬರಲಿಲ್ಲ. ಹೆಲ್ಮೆಟ್ ಮನೇಲೇ ಮೊಳೆಗೆ ನೇತಾಡ್ತಿತ್ತು. ಮಾಡಿಟ್ಟ ಅನ್ನ ಹಾಗೇ ಆರಿಹೋಯ್ತು ಸಾರ್. ಈಗ ಅಳಿಯಂದ್ರ ಗಾಡಿ ಸದ್ದು ಗೇಟಲ್ಲಿ ಕೇಳಿಸೋವರೆಗೂ ನನಗೆ ಒಲೆ ಹಚ್ಚಕ್ಕೆ ಕೈಯೇ ಬರಲ್ಲ."

ಅಧಿಕಾರಿ ಪೆನ್ನು ಕೈಗೆತ್ತಿಕೊಂಡರು. ಅವರು ಏನು ಬರೆದುಕೊಂಡರೋ, ಅದು ನೀತಿಗೆ ಸೇರುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ಮಾವನವರು ಅಪಘಾತದಲ್ಲಿ ಹೋದರೆಂದು ಗೊತ್ತಿತ್ತು, ಈ ಅನ್ನದ ಕಥೆ ಗೊತ್ತಿರಲಿಲ್ಲ. ನನಗೆ ಕಣ್ಣು ಮಂಜಾಗಿ ಏನೂ ಸರಿಯಾಗಿ ಕಾಣಲಿಲ್ಲ. ಮನೆಗೆ ಬರುವಾಗ ಅತ್ತೆ ಒಂದು ಸಲವೂ ಹೆಲ್ಮೆಟ್ ಕುಟ್ಟಲಿಲ್ಲ. ಕುಟ್ಟುವಷ್ಟು ವೇಗವಾಗಿ ನಾನೂ ಹೋಗಲಿಲ್ಲ.

ಈಗಲೂ ಅನ್ನ ತಡವೇ. ನಾನು ತಕರಾರು ಮಾಡುವುದಿಲ್ಲ. ಆದರೆ ಒಂದು ನಿಯಮವನ್ನು ದಿನವೂ ಮುರಿಯುತ್ತೇನೆ. ನಮ್ಮ ರಸ್ತೆಯ ತಿರುವಿನಲ್ಲೇ, ಮನೆ ಇನ್ನೂ ದೂರ ಇರುವಾಗಲೇ, ಜೋರಾಗಿ ಹಾರನ್ ಹೊಡೆಯುತ್ತೇನೆ. ಅತ್ತೆ ಇದುವರೆಗೂ ಯಾಕೆ ಎಂದು ಕೇಳಿಲ್ಲ. ನಾನು ಗೇಟಿಗೆ ಬರುವಷ್ಟರಲ್ಲಿ ಅಡುಗೆಮನೆಯಲ್ಲಿ ಒಲೆ ಹತ್ತಿರುತ್ತದೆ.