ಬಳ್ಳಿರಾಯರಿಗೆ ಹೊಳೆದದ್ದು

"ನನಗೆ ಏನೂ ಹೊಳೀತಿಲ್ಲ ಕಣೇ!"

ಅಡುಗೆಮನೆಯ ಬಾಗಿಲಲ್ಲಿ ನಿಂತು ಬಳ್ಳಿರಾಯರು ಹೆಂಡತಿಗೆಂದು ಹೇಳಿದ ಮಾತಿದು. ಹೆಂಡತಿ ಹಿತ್ತಲಲ್ಲಿದ್ದಳು. ಒಳಗಿದ್ದವರು ಅತ್ತೆ. ಕಿವಿ ಮಂದ, ಕೋಪ ಚುರುಕು, ಮುಂದೆ ಆಗತಾನೇ ತಿಕ್ಕಿ ಮುಗಿಸಿದ ಪಾತ್ರೆಗಳ ರಾಶಿ.

"ಹೊಳೀತಿಲ್ವಾ? ಬೆಳಕು ಹರಿಯೋಕೆ ಮುಂಚೆ ಎದ್ದು ರಟ್ಟೆ ಬಿದ್ದುಹೋಗೋ ಹಾಗೆ ಉಜ್ಜಿದೀನಿ ಅಳಿಯಂದ್ರೇ!"

"ಪಾತ್ರೆ ಅಲ್ಲ ಅತ್ತೆ, ತಲೆ, ನನ್ನ ತಲೆ!"

"ಇನ್ನು ತಲೇನೂ ನಾನೇ ಉಜ್ಜಬೇಕಾ?"

ಗದ್ದಲ ಕೇಳಿ ಹೆಂಡತಿ ಓಡಿಬಂದಳು. ಗಂಡನ ಮುಖ ಸೋರಿದ ಬಲೂನಿನಂತಾಗಿತ್ತು. ಪಾಪ, ಕಾರಣವಿತ್ತು. ರಾಯರು ಚಾದರದ ಕಾರ್ಖಾನೆಯಲ್ಲಿ ನಮೂನೆ ಬರೆಯುವವರು. ಕಿಟಕಿಯ ಪಕ್ಕದ ಓರೆ ಮೇಜು, ಅದರ ಮೇಲೆ ಬೀಳುವ ಬಿಸಿಲು, ಚೂಪು ಮಾಡಿಟ್ಟ ಪೆನ್ಸಿಲುಗಳು, ಇಷ್ಟೇ ಅವರ ಸ್ವರ್ಗ. ಆದರೆ ಅವರ ಕೈಗೆ ಬರುತ್ತಿದ್ದುದು ಒಂದೇ, ಬಳ್ಳಿ. ದಪ್ಪ ಬಳ್ಳಿ, ಸಣ್ಣ ಬಳ್ಳಿ, ಬಳ್ಳಿಗೆ ಸುತ್ತಿಕೊಂಡ ಇನ್ನೊಂದು ಬಳ್ಳಿ. ಹೆತ್ತವರಿಟ್ಟ ಹೆಸರನ್ನು ಊರೇ ಮರೆತು ಬಳ್ಳಿರಾಯರೆಂದು ಕರೆಯತೊಡಗಿ ಎಷ್ಟೋ ಕಾಲವಾಗಿತ್ತು. ನಿನ್ನೆ ಯಜಮಾನರು ಕರೆದು, "ರಾಯರೇ, ಹೊದ್ಕೊಂಡ್ರೆ ಕಾಡಲ್ಲಿ ಕಳೆದುಹೋದ ಹಾಗಾಗುತ್ತೆ ಅಂತ ಗಿರಾಕಿಗಳು ದೂರ್ತಾ ಇದಾರೆ. ನಾಳೆ ಸಂಜೆಯೊಳಗೆ ಬಳ್ಳಿ ಇಲ್ಲದ ನಮೂನೆ ತನ್ನಿ. ಇಲ್ಲಾಂದ್ರೆ ಆ ಮೇಜು ಬೇರೆಯವರಿಗೆ" ಎಂದುಬಿಟ್ಟಿದ್ದರು.

"ಮನೇಲಿ ಗೋಡೆ ನೋಡ್ತಾ ಕೂತ್ರೆ ಹೊಳೆಯಲ್ಲ ರೀ" ಎಂದಳು ಹೆಂಡತಿ. "ಆಚೆ ಹೋಗಿ. ಕಣ್ಣು ಬಿಟ್ಟು ನೋಡಿ. ಬೀದಿ ತುಂಬ ಚಿತ್ರಾನೇ ಇದೆ."

ರಾಯರು ಕಾಗದ, ಪೆನ್ಸಿಲು ಹಿಡಿದು ಹೊರಟರು. ಹೆಂಡತಿಯ ಮಾತು ಸುಳ್ಳಲ್ಲ. ದಿನವೂ ತಲೆ ತಗ್ಗಿಸಿ ನಡೆದ ಬೀದಿಯನ್ನು ಇವತ್ತು ನೋಡುತ್ತಾರೆ, ಏನು ಸೊಗಸು! ಸೈಕಲ್ ಅಂಗಡಿಯಲ್ಲಿ ನೇತುಹಾಕಿದ ಚಕ್ರಗಳ ಕಡ್ಡಿಗಳು ಒಂದರ ಮೇಲೊಂದು ನೆರಳು ಚೆಲ್ಲಿ ಜಾಲ ನೇಯ್ದಿದ್ದವು. ದರ್ಜಿಯ ಕಾಲಡಿಯಲ್ಲಿ ಬಿದ್ದ ಚೂರು ಬಟ್ಟೆಗಳು ಯಾರೋ ಹಗಲೆಲ್ಲ ಕೂತು ಜೋಡಿಸಿದ ಹಾಗಿದ್ದವು. ಚರಂಡಿಯ ಮುಚ್ಚಳದ ಮೇಲೂ ಎಂಥ ಅಚ್ಚುಕಟ್ಟಾದ ಚೌಕುಳಿ! ಇಷ್ಟನ್ನೆಲ್ಲ ಬಿಟ್ಟಿ ಹಂಚುತ್ತಿರುವ ಲೋಕದ ಔದಾರ್ಯಕ್ಕೆ ರಾಯರ ಕಣ್ಣು ತೇವವಾಯಿತು.

ಕಷ್ಟವಿದ್ದದ್ದು ಕೈಯಲ್ಲಿ. ಚಕ್ರ ಬರೆದರೆ ಕಡ್ಡಿಗಳು ಚಿಗುರಿದವು. ಬಟ್ಟೆಚೂರುಗಳ ನಡುವೆ ಕುಡಿಯೊಂದು ತಲೆಯೆತ್ತಿತು. ಚರಂಡಿ ಮುಚ್ಚಳವಂತೂ ಎಲೆ ಬಿಟ್ಟು ಮೊಗ್ಗಿಗೆ ಬಂದಿತ್ತು.

ಕ್ಷೌರದಂಗಡಿಯಲ್ಲಿ ಬೋಳುತಲೆಯವರೊಬ್ಬರು ಕೂತಿದ್ದರು. ಆ ನುಣುಪಿನ ಮೇಲೆ ಕಿಟಕಿಯ ಸರಳುಗಳು ಬಾಗಿ ಬಾಗಿ ಮೂಡಿದ್ದವು. ರಾಯರು ಮೈಮರೆತು ಹತ್ತಿರ ಹತ್ತಿರ ಬಂದರು.

"ಏನ್ರೀ, ನನ್ನ ತಲೆ ಮೇಲೆ ಸಿನಿಮಾ ಓಡ್ತಿದೆಯಾ?"

"ಕ್ಷಮಿಸಿ ಸ್ವಾಮಿ, ತುಂಬಾ ಚೆನ್ನಾಗಿದೆ. ಸ್ವಲ್ಪ ಎಡಕ್ಕೆ ತಿರುಗ್ತೀರಾ?"

ಮುಖದ ತುಂಬ ನೊರೆ ಮೆತ್ತಿಕೊಂಡೇ ಅವರು ಎದ್ದು ಅಟ್ಟಿಸಿಕೊಂಡು ಬಂದರು. "ಸ್ವಾಮಿ, ಅರ್ಧ ಗಡ್ಡ ಉಳಿದಿದೆ!" ಎನ್ನುತ್ತ ಕ್ಷೌರಿಕ ಅವರ ಹಿಂದೆ. ರಾಯರು ಸಿಕ್ಕಿದ ಮೆಟ್ಟಿಲು ಹತ್ತಿ ಯಾರದೋ ಮಹಡಿ ಸೇರಿದರು.

ಅಲ್ಲಿ ಹಗ್ಗದ ಮೇಲೆ ಒಂದು ಹಳೆಯ ಚಾದರ ಒಣಗುತ್ತಿತ್ತು. ರಾಯರು ಓಟ ಮರೆತು ನಿಂತರು.

ಬಿಳುಪಿನ ಮೇಲೆ ತಿಳಿನೀಲಿಯ ಪುಟ್ಟ ಪುಟ್ಟ ಗೀರುಗಳು. ಇಲ್ಲೆರಡು ಹತ್ತಿರ, ಅಲ್ಲೊಂದು ದೂರ, ಮತ್ತೆ ಹಿಂಡು. ಒದ್ದೆ ಮರಳಿನಲ್ಲಿ ಹಕ್ಕಿಯೊಂದು ನಡೆದು, ಯೋಚಿಸಿ, ಹಾರಿಹೋದ ಹಾಗೆ. ಎಲ್ಲೂ ಬಳ್ಳಿಯಿಲ್ಲ! ಎಷ್ಟು ಬರೆಯಬೇಕು ಎಂಬುದಕ್ಕಿಂತ ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಬಲ್ಲ ಕೈ. ರಾಯರು ಕೈಮುಗಿದರು. ಇನ್ನೂ ಚೆನ್ನಾಗಿ ನೋಡಲು ಮುಖವನ್ನೇ ಚಾದರಕ್ಕೆ ಒತ್ತಿದರು.

ಆ ಕಡೆ ಬಟ್ಟೆ ಹರವುತ್ತಿದ್ದ ಆ ಮನೆಯ ಅಜ್ಜಿಗೆ ಕಂಡದ್ದು ತನ್ನ ಚಾದರಕ್ಕೆ ಮೂಡಿದ ಮೂಗು.

"ಕಳ್ಳ! ಹಗಲುಗಳ್ಳ!" ಅಜ್ಜಿ ಅದೇ ಚಾದರದಲ್ಲಿ ರಾಯರನ್ನು ಹಾಸಿಗೆ ಸುತ್ತಿದ ಹಾಗೆ ಸುತ್ತಿ ಹಿಡಿದರು. ನೊರೆಯವರು, ಕ್ಷೌರಿಕ, ದರ್ಜಿ, ದಾರಿಹೋಕರು ಎಲ್ಲ ಮೇಲೆ ಬಂದರು.

"ಇವರಾ? ಬೆಳಗ್ಗೆಯಿಂದ ಚರಂಡಿ ಮುಚ್ಚಳಾನೇ ದುರುಗುಟ್ಟಿ ನೋಡ್ತಿದ್ರು" ಎಂದ ದರ್ಜಿ. "ಕಳ್ಳತನ ಅಲ್ಲ ಅಜ್ಜಿ, ಇದು ತಲೇ ತೊಂದರೆ."

ಒಳಗಿನಿಂದ ರಾಯರ ದನಿ ಕೇಳಿತು. ಬಿಸಿಲು ಬಟ್ಟೆಯೊಳಗೆ ಇಳಿದು ಆ ನೀಲಿ ಗೀರುಗಳೆಲ್ಲ ಅವರ ಸುತ್ತ ನಕ್ಷತ್ರಗಳಂತೆ ಬೆಳಗುತ್ತಿದ್ದವು. "ಹೊಳೀತು! ಹೊಳೀತು!"

ಬಿಡಿಸಿದ ಮೇಲೆ ರಾಯರು ತಮ್ಮ ಕತೆ ಹೇಳಿಕೊಂಡರು. "ಇದನ್ನ ಬರೆದವನು ಮಹಾನುಭಾವ ಅಜ್ಜಿ. ಅವನ ಕಾಲಿಗೆ ಬೀಳಬೇಕು. ನಮ್ಮ ಯಜಮಾನರಿಗೆ ಒಂದ್ಸಲ ತೋರಿಸ್ತೀನಿ, ಕೊಡಿ."

ಹೊಗಳಿಕೆಗೆ ಅಜ್ಜಿ ಕರಗಿದರು, ಆದರೆ ಪೂರ್ತಿಯಲ್ಲ. "ಕೊಡಲ್ಲಪ್ಪ. ಚಾದರ ಎಲ್ಲಿಗೆ ಹೋಗುತ್ತೋ ನಾನೂ ಅಲ್ಲಿಗೇ."

ಹಾಗೆ ಸಂಜೆಯ ಹೊತ್ತಿಗೆ ಚಾದರ, ಅಜ್ಜಿ, ರಾಯರು, ಹಿಂದೆ ಅರ್ಧ ಬೀದಿ ಕಾರ್ಖಾನೆಗೆ ಬಂದವು. ಯಜಮಾನರು ಚಾದರವನ್ನು ಮೇಜಿನ ಮೇಲೆ ಹರಡಿದರು. ಗೀರುಗಳ ಮೇಲೆ ಬೆರಳಾಡಿಸಿದರು. ಆಮೇಲೆ ಕನ್ನಡಕ ತೆಗೆದು ಒರೆಸಿಕೊಂಡರು.

"ಆಹಾ! ಇದರ ಕೆಳಗೆ ಮಲಗಿದ್ರೆ ಕೆಟ್ಟ ಕನಸೇ ಬೀಳಲ್ಲ. ಯಾರದ್ರೀ ಇದು?"

"ಯಾರೋ ದೊಡ್ಡ ಕಲಾವಿದನದ್ದು ಸರ್. ಇಂಥವರಿಂದ ನಾವು ಕಲೀಬೇಕು."

ಅಜ್ಜಿ ಫಕ್ಕನೆ ನಕ್ಕರು. "ಎಂಥ ಕಲಾವಿದ! ಹೊಸದ್ರಲ್ಲಿ ಇದನ್ನ ನೋಡೋಕಾಗ್ತಿರ್ಲಿಲ್ಲ ಕಣಪ್ಪ. ತುಂಬ ಹಸಿರು ಬಳ್ಳಿ! ಹಾವು ಹೊದ್ಕೊಂಡ ಹಾಗೆ. ಮಕ್ಕಳು ಹೆದ್ರಿ ಅಳ್ತಿದ್ವು. ನಾನು ಬಿಡಲಿಲ್ಲ. ನೆನೆಸಿ, ಕುದಿಸಿ, ಕಲ್ಲಿಗೆ ಕುಕ್ಕಿ ಕುಕ್ಕಿ ಆ ಹಸಿರನ್ನ ಓಡಿಸಿದೆ. ಎಲೆ ನರದ ಈ ನೀಲಿ ಗೀರು ಮಾತ್ರ ಗಟ್ಟಿ, ಉಳ್ಕೊಂಡ್ತು."

ಯಜಮಾನರು ಚಾದರದ ಅಂಚು ಮಡಚಿ ನೋಡಿದರು. ಅಲ್ಲಿ ಅವರದೇ ಕಾರ್ಖಾನೆಯ ಮುದ್ರೆಯಿತ್ತು.

ಎಲ್ಲರೂ ರಾಯರ ಕಡೆ ತಿರುಗಿದರು. ರಾಯರು ಬಗ್ಗಿ ತಮ್ಮ ಕಾಲನ್ನೇ ನೋಡಿಕೊಳ್ಳುತ್ತಿದ್ದರು.

"ನೀವೇ ಬರೆದಿದ್ದು!" ಯಜಮಾನರು ಅವರ ಬೆನ್ನು ತಟ್ಟಿದರು. "ಭೇಷ್ ರಾಯರೇ! ಕಾಡಿನೊಳಗೆ ಇಂಥ ಚಿನ್ನ ಹೂತಿಟ್ಟಿದ್ರಾ? ಇನ್ನು ಹೊಸ ನಮೂನೆ ಯಾಕೆ? ಗೋದಾಮಿನಲ್ಲಿ ಮಾರಾಟವಾಗದ ನಿಮ್ಮ ಬಳ್ಳಿ ಚಾದರ ಸೂರು ಮುಟ್ಟೋ ಹಾಗೆ ಬಿದ್ದಿದೆ. ಒಗೆದ್ರೆ ಸಾಕು!"

"ಹಾಗಾದ್ರೆ ನನ್ನ ಮೇಜು..."

"ಮೇಜು ಯಾಕ್ರೀ? ಬರೆಯೋದೇ ಇಲ್ವಲ್ಲ! ಅದನ್ನ ಅಜ್ಜಿಗೆ ಕೊಡೋಣ. ಕಿಟಕಿ ಬೆಳಕಲ್ಲಿ ಒಂದೊಂದೇ ಚಾದರ ನೋಡಿ ಸರಿ, ಇಲ್ಲ ಅಂತ ಹೇಳಬೇಕಲ್ಲ. ನೀವು ಒಗೆಯೋ ಕಲ್ಲಿನ ಹತ್ರ ಇರಿ."

ಮರುದಿನದಿಂದ ರಾಯರು ಪ್ಯಾಂಟು ಮಡಚಿ, ಮೊಣಕೈವರೆಗೆ ಸಾಬೂನು ಹಚ್ಚಿಕೊಂಡು ತಮ್ಮ ಬಳ್ಳಿಗಳನ್ನು ತಾವೇ ಕುಕ್ಕತೊಡಗಿದರು. ಒಂದೊಂದು ಚಾದರ ಹಿಂಡಿ ಬಿಸಿಲಿಗೆ ಹಿಡಿದಾಗಲೂ, ಹಸಿರು ಇಳಿದ ಕಡೆ ಆ ನೀಲಿ ಹೆಜ್ಜೆಗಳು ಕಾಣುತ್ತಿದ್ದವು. ಆಗೆಲ್ಲ ಅವರಿಗೆ ನೋವು ಮರೆತು, "ಆಹಾ, ಎಂಥ ಕೈ!" ಎಂಬ ಉದ್ಗಾರ ತಾನಾಗಿ ಬರುತ್ತಿತ್ತು.

ಆದರೂ ಹೆತ್ತ ಕರುಳು ಕೇಳುತ್ತದೆಯೇ? ಒಂದು ಚಾದರದ ಮೂಲೆಯಲ್ಲಿ ಬೆರಳುದ್ದದ ಒಂದು ಕುಡಿಯನ್ನು ಹಾಗೇ ಉಳಿಸಿ, ಮೆಲ್ಲಗೆ ಒಳಗೆ ಮಡಚಿದರು.

ಮೇಲೆ ಕಿಟಕಿ ತೆರೆಯಿತು. "ಏಯ್ ರಾಯ, ಆ ಮೂಲೇಲಿ ಏನೋ ಬಚ್ಚಿಟ್ಟೆ" ಎಂದರು ಅಜ್ಜಿ. "ಬಿಚ್ಚು. ಇನ್ನೊಂದ್ಸಲ ಕುಕ್ಕು."